ಸುಣ್ಣಕ್ಕೆ ಹಾಕಿದ ಪ್ಲಸ್

ಕುಂದಾಪುರದಲ್ಲಿ ನನಗೆ ಪಿಯುಸಿ ಕೆಮಿಸ್ಟ್ರಿ ಟ್ಯೂಷನ್ ಹೇಳಿದ ಮಾಷ್ಟ್ರ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಪಾಠ ಬಾರದ್ದಕ್ಕಲ್ಲ, ಬಾರದ್ದನ್ನು ಇಸ್ತ್ರಿ ಹಾಕಿದ ಭಾಷೆಯಲ್ಲಿ ಮುಚ್ಚಿಡುತ್ತಿದ್ದುದಕ್ಕೆ. ಅವರು ಹುಟ್ಟಿದ್ದೂ ನಮ್ಮದೇ ಭಾಷೆಯ ಬೈಂದೂರಿನ ಹತ್ತಿರ. ಆದರೂ ಯಾರಾದರೂ ‘ಎಂತ ಸರ್’ ಅಂದರೆ ಸಾಕು, “ಎಂತ ಅಲ್ಲ, ಏನು. ಇದು ಮೀನು ಮಾರ್ಕೆಟ್ಟಾ?” ಎನ್ನುತ್ತಿದ್ದರು. ನನ್ನ ಅಮ್ಮ ಹೆಮ್ಮಾಡಿಯಲ್ಲಿ ಮೀನು ಮಾರುತ್ತಿದ್ದಳು. ಆ ಮಾತು ಯಾರಿಗೆ ಎಂದು ಇಡೀ ಕ್ಲಾಸಿಗೆ ಗೊತ್ತಿತ್ತು.

ಒಂದು ಕ್ರಿಯೆಯಲ್ಲಿ ಶಾಖ ಹೊರಬರುತ್ತದೋ ಒಳಹೋಗುತ್ತದೋ ಎಂದು ತಿಳಿಯಲು ಪ್ರತಿ ವಸ್ತುವಿನ ಉತ್ಪತ್ತಿ ಶಾಖದ ಪಟ್ಟಿ ಇರುತ್ತದೆ. ಹೊಸದಾಗಿ ಹುಟ್ಟಿದ ವಸ್ತುಗಳ ಮೊತ್ತದಿಂದ ಮೊದಲು ಹಾಕಿದ ವಸ್ತುಗಳ ಮೊತ್ತ ಕಳೆಯಬೇಕು, ಅಷ್ಟೇ. ಉತ್ತರ ಮೈನಸ್ ಬಂದರೆ ಶಾಖ ಹೊರಗೆ. ಇಷ್ಟು ಸರಳವಾಗಿ ಹೇಳಿದರೆ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಮಾಷ್ಟ್ರು ತಮ್ಮದೇ ಸೂತ್ರ ಬರೆಸಿದರು: ‘ಬರುವುದರಿಂದ ಹೋಗುವುದನ್ನು ಕಳೆಯಿರಿ.’

ಟೆಸ್ಟಿನಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕುವ ಲೆಕ್ಕ ಬಂತು. ಸುಣ್ಣ ಮೈನಸ್ 635, ನೀರು ಮೈನಸ್ 286, ಸೇರಿ ಮೈನಸ್ 921. ಅದರಿಂದ ಹುಟ್ಟುವ ಅರಳಿದ ಸುಣ್ಣ ಮೈನಸ್ 986. ನಾನು ಮೈನಸ್ 65 ಬರೆದೆ. ಮಾಷ್ಟ್ರು ಬೋರ್ಡಿನ ಮೇಲೆ ಪ್ಲಸ್ 65 ಬರೆದು, ನನಗೆ ಸೊನ್ನೆ ಸುತ್ತಿದರು.

“ಸರ್, ನಮ್ಮಜ್ಜಿ ಎಲೆಗೆ ಹಾಕ್ಕೊಂಬುಕೆ ಚಿಪ್ಪಿನ ಸುಣ್ಣ ಮಾಡ್ತ್ರ್. ನೀರ್ ಹಾಕ್ರೆ ಮಡಕಿ ಕುದಿತ್ತ್” ಎಂದೆ.

“ಹಾಗಾದರೆ ಅಜ್ಜಿಯ ಹತ್ತಿರವೇ ಟ್ಯೂಷನ್ನಿಗೆ ಹೋಗು.”

ಕ್ಲಾಸು ನಕ್ಕಿತು. ಎದುರು ಮಾತಾಡಿದ್ದಕ್ಕೆ ಅಮ್ಮನನ್ನು ಕರೆತರಬೇಕೆಂದರು. ಸೈನ್ಸ್ ಬಿಡಿಸಿ ಆರ್ಟ್ಸಿಗೆ ಹಾಕಿ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಅಮ್ಮ ಓದಿದವರ ಮಾತು ಮೀರಿದವಳಲ್ಲ.

ಅಮ್ಮ ಮಾರ್ಕೆಟ್ಟಿನಿಂದ ನೇರ ಬಂದಳು. ಮಾಷ್ಟ್ರು ಮೂಗಿಗೆ ಕರ್ಚೀಫು ಹಿಡಿದು ಹೇಳಿದ್ದನ್ನೆಲ್ಲ ಕೇಳಿದಳು.

“ಸುಣ್ಣಕ್ಕೆ ನೀರ್ ಹಾಕ್ರೆ ತಂಪಾತ್ತಾ ಸರ್?”

“ಲೆಕ್ಕ ಹಾಗೆ ಹೇಳುತ್ತದೆ.”

“ಹಂಗಾರೆ ಒಂದ್ಸಲ ನಮ್ಮನಿಗೆ ಬಂದ್ ಕೈ ಹಾಕಿ ಕಾಣಿ.” ನನ್ನ ಕಡೆ ತಿರುಗಿ, “ಏಳ್ ಹೆಣ್ಣೆ. ಆರ್ಟ್ಸ್ ಎಲ್ಲ ಬ್ಯಾಡ” ಎಂದಳು. ಬಾಗಿಲಲ್ಲಿ ನಿಂತು, “ಬತ್ತೆ ಸರ್” ಎಂದಳು.

“ಹೋಗುತ್ತೇನೆ ಅನ್ನಬೇಕು” ಎಂದರು ಮಾಷ್ಟ್ರು.

ಆಗ ನನಗೆ ಹೊಳೆಯಿತು. ನಮ್ಮೂರಲ್ಲಿ ಹೊರಟವರು ‘ಹೋಗುತ್ತೇನೆ’ ಅನ್ನುವುದಿಲ್ಲ, ‘ಬತ್ತೆ’, ಅಂದರೆ ‘ಬರುತ್ತೇನೆ’ ಅನ್ನುತ್ತಾರೆ. ನಾಲಿಗೆಯಿಂದ ಊರಭಾಷೆ ಉಜ್ಜಿ ತೆಗೆದ ಈ ಮನುಷ್ಯನಿಗೆ ತನ್ನದೇ ಸೂತ್ರದಲ್ಲಿ ಬರುವುದು ಯಾವುದು, ಹೋಗುವುದು ಯಾವುದು ತಿಳಿದಿರಲಿಲ್ಲ. ಖರ್ಚಾಗಿ ಹೋಗುವ ಸುಣ್ಣ, ನೀರನ್ನು ‘ಬರುವುದು’ ಎಂದು ಹಿಡಿದು ಲೆಕ್ಕ ತಿರುಗಾಮುರುಗಾ ಮಾಡಿದ್ದರು. ಮರುದಿನ ಬೋರ್ಡಿನ ಪ್ಲಸ್ 65 ಒರೆಸಿದ್ದರು, ನನ್ನ ಸೊನ್ನೆ ಹಾಗೇ ಇತ್ತು.

ನಾನು ಸೈನ್ಸಿನಲ್ಲೇ ಉಳಿದೆ. ಈಗ ಬ್ರಹ್ಮಾವರದಲ್ಲಿ ಅದೇ ಲೆಕ್ಕ ಪಾಠ ಮಾಡುತ್ತೇನೆ. ಪ್ರತಿ ವರ್ಷ ಈ ಕಥೆ ಹೇಳಿ ಮಕ್ಕಳನ್ನು ನಗಿಸುತ್ತೇನೆ.

ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಇಲ್ಲಿ ಮೈನಸ್ ಎಂತಕೆ?” ಎಂದಳು.

“ಎಂತಕೆ ಅಲ್ಲ, ಯಾಕೆ” ಎಂದುಬಿಟ್ಟೆ.

ಅವಳು ಕೂತಳು. ಆಮೇಲೆ ಮತ್ತೇನೂ ಕೇಳಲಿಲ್ಲ.