ತಾಯಿಮರ ತೋರಿಸಿದ ಅಕ್ಕ

ಅರಣ್ಯ ಇಲಾಖೆಯ ಸಸಿತೋಟದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡ ಸಾಹೇಬರಿಂದ ಹಿಡಿದು ಪೈಪು ಹಿಡಿದು ನೀರು ಬಿಡುವವನವರೆಗೆ ಎಲ್ಲರಿಗೂ ಅವಳು ಬೀಜದಕ್ಕ. ಕಾಡಿನಿಂದ ಬೀಜ ಆಯ್ದು ತಂದು, ಒಣಗಿಸಿ, ಪಾತಿಗೆ ಹಾಕಿ, ಮೊಳಕೆ ಬರುವ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅವಳ ಕೆಲಸ. ಬಾಯಿ ಮಾತ್ರ ಬಲು ಜೋರು. ಪಾತಿಯ ಅಂಚು ತುಳಿದರೆ ಮಂತ್ರಿಯಾದರೂ ಬೈಸಿಕೊಂಡೇ ಹೋಗಬೇಕು.

ಹೊಸದಾಗಿ ಸೇರಿದ ಗಾರ್ಡುಗಳಿಗೆ ಮೊದಲ ದಿನದ ಪಾಠವೂ ಅವಳದೇ. ಯಾರು ಒಪ್ಪಿಸಿದರೋ, ಯಾವಾಗ ಶುರುವಾಯಿತೋ, ದೇವರಿಗೇ ಗೊತ್ತು. ತಗಡಿನ ಶೆಡ್ಡಿನಲ್ಲಿ ಎಲ್ಲರನ್ನೂ ಗೊಬ್ಬರದ ಮೂಟೆಗಳ ಮೇಲೆ ಕೂರಿಸಿ, ಕೈಗೆ ಮೆತ್ತಿದ ಮಣ್ಣು ಕೊಡವುತ್ತಾ ಹೇಳುತ್ತಿದ್ದಳು.

"ನೋಡ್ರಪ್ಪಾ, ನೀವು ಕುಡಿಯೋ ನೀರು ಎಲ್ಲಿಂದ ಬರುತ್ತೆ? ನಲ್ಲಿಯಿಂದ ಅಂದವ್ರು ಈಗ್ಲೇ ಎದ್ದು ಮನೆಗೆ ಹೋಗಿ. ಮಳೆ ನೀರು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡೋದು ಕಾಡು. ಗುಡ್ಡದ ಮಣ್ಣು ಜಾರಿ ನಿಮ್ಮ ತಲೆ ಮೇಲೆ ಬೀಳದ ಹಾಗೆ ಹಿಡ್ಕೊಂಡಿರೋದು ಕಾಡು. ಮಲಗೋ ಮಂಚ, ಬರೆಯೋ ಕಾಗದ, ಔಷಧಿ, ಜೇನು, ಎಲ್ಲ ಅಲ್ಲಿಂದಲೇ. ಅದನ್ನ ಮುಗಿಸಿ ಹಾಕದೆ ಬಳಸೋದು ಹೇಗೆ ಅನ್ನೋದೇ ನಮ್ಮ ವಿದ್ಯೆ. ಅದಕ್ಕೆ ನಾಲ್ಕು ಕವಲು. ಬೆಳೆಸೋದು, ಅದು ನನ್ನ ಪಾಲು. ಕಾಯೋದು, ಅದು ನಿಮ್ಮದು. ಬೆಂಕಿ, ಹುಳ, ಕಳ್ಳರು, ಯಾರೂ ಒಳಗೆ ಬರಬಾರದು. ಅಳೆಯೋದು ಅಂದ್ರೆ ಯಾವ ಮರ ಎಷ್ಟು ದಪ್ಪ ಆಯ್ತು, ಎಷ್ಟು ಎತ್ತರ ಆಯ್ತು ಅಂತ ಟೇಪು ಹಿಡ್ಕೊಂಡು ಅಲೀತಾರಲ್ಲ, ಆ ಪಾಪದವರ ಕೆಲಸ. ಕೊನೇದು ಕೊಯ್ಯೋದು. ಬಲಿತ ಮರ ಕಡಿದು ಡಿಪೋಗೆ ಸಾಗಿಸೋದು. ಅದೂ ತಪ್ಪಲ್ಲ. ಆದ್ರೆ ಕಡಿದ ಜಾಗದಲ್ಲಿ ಮತ್ತೆ ನೆಡಬೇಕು. ನೆಡೋಕೆ ಬೀಜ ಬೇಕು. ಒಳ್ಳೆ ಬೀಜಕ್ಕೆ ಒಳ್ಳೆ ತಾಯಿ ಬೇಕು."

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಆ ತಾಯಿಮರಗಳು ಎಲ್ಲಿವೆ ಅಕ್ಕಾ?"

"ಆಹಾ, ಜಾಣ! ಬಂದ ದಿನವೇ ತಿಜೋರಿ ಬೀಗದಕೈ ಕೇಳ್ತಿಯಲ್ಲ!" ಎಂದು ಗದರಿ ನಗುತ್ತಿದ್ದಳು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಆ ಮಾತು ಬರೀ ತಮಾಷೆಯಲ್ಲ. ಕಾಡಿನಲ್ಲೆಲ್ಲ ನೆಟ್ಟಗೆ, ಗಟ್ಟಿಯಾಗಿ, ರೋಗವಿಲ್ಲದೆ ಬೆಳೆದ ಮರವೇ ತಾಯಿಮರ. ಅಂಥ ಮರದ ಮೇಲೆ ದಿಮ್ಮಿ ವ್ಯಾಪಾರದವರ ಕಣ್ಣು ಬೀಳದೆ ಇರುತ್ತದೆಯೇ? ಅದಕ್ಕೇ ಬೀಜ ಆಯುವವರು ಅದರ ಬುಡಕ್ಕೆ ಬಣ್ಣ ಬಳಿಯುವುದಿಲ್ಲ, ಗುರುತು ಕೆತ್ತುವುದಿಲ್ಲ. ಗೊತ್ತಿದ್ದವರು ತಮ್ಮ ಜೀವಮಾನದಲ್ಲಿ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬೀಜದಕ್ಕನಿಗೆ ತೋರಿಸಿದವನು ಅವಳಿಗಿಂತ ಮೊದಲು ಮರ ಹತ್ತುತ್ತಿದ್ದ ಒಬ್ಬ ಮುದುಕ. ಕಣಿವೆಯ ಆಚೆ ದಿಬ್ಬದ ಮೇಲೆ ಏಳೆಂಟು ಮರ. ಅವುಗಳಲ್ಲೆಲ್ಲ ಹಿರಿಯ ಮರದ ಕವೆಯ ಕೆಳಗೆ ಅವನು ಒಂದು ಕಬ್ಬಿಣದ ಕೊಕ್ಕೆ ಹೊಡೆದಿದ್ದ. ಮೇಲೆ ಹತ್ತಿದಾಗ ಚೀಲ ನೇತುಹಾಕಲು ಅದೇ ಗತಿ. ಅವನು ಹೋದ ಮೇಲೆ ಆ ಕೊಕ್ಕೆಗೆ ಅವಳ ಚೀಲ ತೂಗಿತು.

ಆದರೆ ವಯಸ್ಸಾದ ಮಂಡಿ ಯಾರ ಮಾತು ಕೇಳುತ್ತದೆ? ಹತ್ತುವುದಿರಲಿ, ದಿಬ್ಬ ಏರುವುದೇ ಕಷ್ಟವಾಯಿತು. ಈಗ ಒಬ್ಬರಿಗೆ ತೋರಿಸಲೇಬೇಕು.

ಪಕ್ಕದ ಪಾತಿಯ ಹೆಂಗಸು ಅವಳ ಜೊತೆ ಎಷ್ಟೋ ವರ್ಷ ಬೀಜ ಹೊತ್ತವಳು. ನ್ಯಾಯವಾಗಿ ಅವಳಿಗೆ ತೋರಿಸಬೇಕಿತ್ತು. ಬೀಜದಕ್ಕ ತೋರಿಸಿದ್ದು ತನ್ನ ತಮ್ಮನಿಗೆ.

ಅಪ್ಪ ಅಮ್ಮ ಹೋದ ಮೇಲೆ ಹೊಟ್ಟೆಬಟ್ಟೆ ಕಟ್ಟಿ ಅವನನ್ನು ಓದಿಸಿದವಳು ಅವಳೇ. ಅವನಿಗಾಗಿ ಮದುವೆಯ ಮಾತನ್ನೂ ಎತ್ತಲಿಲ್ಲ. ಓದಿ ಅವನೂ ಇದೇ ಇಲಾಖೆಗೆ ಸಾಹೇಬನಾಗಿ ಬಂದ, ಅದೂ ಮರ ಕೊಯ್ಯುವ ವಿಭಾಗಕ್ಕೆ. "ನಮ್ಮ ತಮ್ಮ" ಎನ್ನುವಾಗ ಅವಳ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

"ನಂಗೆ ತೋರ್ಸಕ್ಕಾ," ಎಂದ ಅವನು. "ನನ್ನ ಕೈಲಿ ಅಧಿಕಾರ ಇದೆ. ಯಾವನೂ ಮುಟ್ಟದ ಹಾಗೆ ನೋಡ್ಕೋತೀನಿ."

"ಕೊಯ್ಯೋರಿಗೆ ತೋರಿಸ್ತಾರೇನೇ ಯಾರಾದ್ರೂ?" ಎಂದಳು ಪಕ್ಕದ ಪಾತಿಯವಳು.

"ನನ್ನ ಕೂಸು ಅವನು! ನಾಲಿಗೆ ಬಿಗಿ ಹಿಡಿದು ಮಾತಾಡು," ಎಂದು ಬೀಜದಕ್ಕ ಅವಳ ಮೇಲೆ ಹರಿಹಾಯ್ದಳು. ಅವತ್ತಿನಿಂದ ಇಬ್ಬರಿಗೂ ಮಾತು ಬಿಟ್ಟುಹೋಯಿತು.

ತಮ್ಮನ ಭುಜ ಹಿಡಿದು ಕುಂಟುತ್ತಾ ದಿಬ್ಬ ಹತ್ತಿ, ಒಂದೊಂದೇ ಮರ ಮುಟ್ಟಿಸಿ ತೋರಿಸಿದಳು. ಹಿರಿಯ ಮರದ ಕೊಕ್ಕೆಯನ್ನೂ ತೋರಿಸಿದಳು. ಅವನು ಕೈ ಮುಗಿದ. ಅವಳಿಗೆ ಕಣ್ತುಂಬಿ ಬಂತು.

ಆ ವರ್ಷ ಒಂದು ದೊಡ್ಡ ಗಾಳಿಮಳೆ ಬಂತು. ಅದಾದ ಕೆಲವು ದಿನಕ್ಕೆ ತಮ್ಮ ಮುಖ ಸಣ್ಣಗೆ ಮಾಡಿಕೊಂಡು ಬಂದ. "ಅಕ್ಕಾ, ಹೋದ್ವು. ಬುಡಸಮೇತ ಕಿತ್ಕೊಂಡು ಕಣಿವೆಗೆ ಉರುಳಿ ಚೂರುಚೂರಾಗಿವೆ. ಒಂದು ತುಂಡೂ ಉಳಿದಿಲ್ಲ. ದಾರೀನೂ ಕುಸಿದಿದೆ, ನೀನು ಆ ಕಡೆ ಹೋಗ್ಬೇಡ."

ಅವಳು ಸತ್ತವರಿಗೆ ಅಳುವಂತೆ ಅತ್ತಳು. ಪಕ್ಕದಲ್ಲಿ ಕೂತು ಬೆನ್ನು ಸವರಿದವನು ಅವನೇ. ಲೋಟದಲ್ಲಿ ನೀರು ತಂದು ಕುಡಿಸಿದವನೂ ಅವನೇ. ಎಂಥ ಎದೆ ಇರಬೇಕು, ಹೇಳಿ!

ಅವನು ಹೊಸ ಮನೆ ಕಟ್ಟಿಸಿ ಅಕ್ಕನನ್ನು ಊಟಕ್ಕೆ ಕರೆದ. ಊಟದ ಮನೆಯಲ್ಲಿ ಉದ್ದನೆಯ ಮೇಜು, ಒಂದೇ ಹಲಗೆಯದು, ಫಳಫಳ ಹೊಳೆಯುತ್ತಿತ್ತು. ತಮ್ಮನ ಹೆಂಡತಿ ಅವಳ ಮುಂದೆ ತಟ್ಟೆ ಇಟ್ಟಳು. ಇಟ್ಟು, ಮತ್ತೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಅದರಡಿಯ ಕಪ್ಪು ಕಲೆಯನ್ನು ಬಟ್ಟೆಯಿಂದ ಉಜ್ಜಿದಳು. "ಇದೊಂದು ಹೋಗ್ತಾನೇ ಇಲ್ಲ ಅಕ್ಕಾ. ಬಡಗಿ ತೂತಿಗೆ ಮೇಣ ತುಂಬಿದ, ಪಾಲಿಶ್ ಹೊಡೆದ, ಕಪ್ಪು ಮಾತ್ರ ಹಾಗೇ ಇದೆ."

ಕಬ್ಬಿಣ ಹೊಕ್ಕ ಕಡೆ ದಿಬ್ಬದ ಮೇಲಿದ್ದ ಜಾತಿಯ ಮರ ಮಸಿಯಂತೆ ಕಪ್ಪಾಗುತ್ತದೆ. ಬೀಜದಕ್ಕ ತೂತಿನ ಮೇಲೆ ಬೆರಳಿಟ್ಟಳು. ಕೊಕ್ಕೆಯ ದಪ್ಪ ಅವಳ ಬೆರಳಿಗೆ ಗೊತ್ತಿತ್ತು. ಎದುರಿಗೆ ಕೂತ ತಮ್ಮ ತಲೆ ಎತ್ತದೆ ಊಟ ಮಾಡುತ್ತಿದ್ದ.

ಮರುದಿನ ಕೋಲು ಊರಿಕೊಂಡು ಒಬ್ಬಳೇ ಹೋದಳು. ದಾರಿ ಎಲ್ಲೂ ಕುಸಿದಿರಲಿಲ್ಲ. ಲಾರಿ ಹೋಗುವಷ್ಟು ಅಗಲ ಮಾಡಿದ್ದರು. ದಿಬ್ಬದ ಮೇಲೆ ಒಂದು ಬೇರೂ ಕಿತ್ತಿರಲಿಲ್ಲ. ಬುಡಗಳು ಮಾತ್ರ ಸಾಲಾಗಿ ನಿಂತಿದ್ದವು, ಗರಗಸ ಆಡಿಸಿದ ಚಪ್ಪಟೆ ಬುಡಗಳು. ಒಂದರ ಮೇಲೆ ಕೂತಳು. ಅಳು ಬರಲಿಲ್ಲ. ಗಾಳಿಗೆ ಬಿದ್ದವೆಂದು ಅತ್ತದ್ದೇ ದಂಡವಾಯಿತಲ್ಲ ಎಂದುಕೊಂಡಳು.

ಸಂಜೆ ಅವನ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದಳು. "ಯಾಕೋ ಹೀಗೆ ಮಾಡ್ದೆ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಟ್ಟ. ಆಮೇಲೆ ಹೇಳಿದ: "ವಯಸ್ಸಾದ ಮರ ಅಕ್ಕಾ. ಇವತ್ತಲ್ಲ ನಾಳೆ ಬೀಳ್ತಿದ್ವು. ಕೊಯ್ಯೋದೂ ಒಂದು ಕವಲು ಅಂತ ಪಾಠ ಹೇಳೋಳು ನೀನೇ ಅಲ್ವಾ?"

"ಹೇಳ್ದೆ. ಕಡಿದ ಜಾಗದಲ್ಲಿ ನೆಡಬೇಕು ಅಂತಲೂ ಹೇಳ್ದೆ. ಈಗ ಯಾವ ಬೀಜ ನೆಡ್ಲೋ? ಅತ್ತಾಗ ಬೆನ್ನು ಸವರಿದ್ಯಲ್ಲೋ, ಆ ಕೈಯೇ ಅಲ್ವೇನೋ ಇದು?"

ಅವನು ಕೈಯನ್ನು ಮೇಜಿನಡಿ ಇಳಿಸಿದ. "ಮೆಲ್ಲಗೆ ಮಾತಾಡು, ಹೊರಗೆ ಜನ ಇದ್ದಾರೆ," ಎಂದ.

ಅವಳು ಕೋಲು ಊರಿಕೊಂಡು ಮನೆಗೆ ಹೋದಳು. ಸಸಿತೋಟದಲ್ಲಿ ಅವಳ ಬಾಯಿ ಕಟ್ಟಿಹೋಯಿತು. ಪಾತಿ ತುಳಿದವರನ್ನೂ ಬೈಯಲಿಲ್ಲ. ಒಂದು ದಿನ ಪಕ್ಕದ ಪಾತಿಗೆ ಹೋಗಿ, "ನಿಂಗೆ ತೋರಿಸ್ಬೇಕಿತ್ತು ಕಣೇ," ಎಂದಳು. ಆ ಹೆಂಗಸು ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟಳು.

ಮತ್ತೆ ಹೊಸ ಗಾರ್ಡುಗಳು ಬಂದರು. ಈ ಸಲ ಅವರನ್ನು ಕರೆತಂದ ಸಾಹೇಬ ತಮ್ಮನೇ. ಶೆಡ್ಡಿನ ಬಾಗಿಲಿಗೆ ಒರಗಿ ನಿಂತು, "ಹೇಳಿ ಬೀಜದಕ್ಕ, ನಿಮ್ಮ ಪಾಠ ಶುರು ಮಾಡಿ," ಎಂದ, ಎಲ್ಲರೆದುರು ಬಹುವಚನದಲ್ಲಿ.

ಅವಳು ಎಂದಿನಂತೆ ಎಲ್ಲ ಹೇಳಿದಳು. ನೀರು, ಮಣ್ಣು, ಮಂಚ, ಕಾಗದ. ಬೆಳೆಸೋದು, ಕಾಯೋದು, ಅಳೆಯೋದು, ಕೊಯ್ಯೋದು. ಒಳ್ಳೆ ಬೀಜಕ್ಕೆ ಒಳ್ಳೆ ತಾಯಿ ಬೇಕು ಎಂದಳು. ಮುಂದಿನ ಮೂಟೆಯ ಮೇಲೆ ಕೂತಿದ್ದವಳೊಬ್ಬಳು ಕೈ ಎತ್ತಿದಳು.

"ಆ ತಾಯಿಮರಗಳು ಎಲ್ಲಿವೆ ಅಕ್ಕಾ?"

ಈ ಸಲ ಬೀಜದಕ್ಕ ಗದರಲೂ ಇಲ್ಲ, ನಗಲೂ ಇಲ್ಲ.

"ನಂಗೆ ಗೊತ್ತಿಲ್ಲಮ್ಮ. ಬಾಗಿಲಲ್ಲಿ ನಿಂತಿದ್ದಾರಲ್ಲ ಸಾಹೇಬ್ರು, ನನ್ನ ತಮ್ಮ, ಅವ್ರನ್ನ ಕೇಳು. ಒಂದು ಅವ್ರ ಮನೇಲಿದೆ. ದಿನಾ ಅದ್ರ ಮೇಲೇ ಊಟ ಮಾಡ್ತಾರೆ."

ಮೂಟೆಗಳ ಮೇಲೆ ಕೂತವರೆಲ್ಲ ತಿರುಗಿ ಬಾಗಿಲ ಕಡೆ ನೋಡಿದರು.