ತಂಬಿಗೆಗೂ ಬೊಗಸೆಗೂ ನಡುವಿನ ಗೇಣು

ನಮ್ಮ ಹಿತ್ತಲ ಬಾವಿಕಟ್ಟೆಯ ಮೇಲೆ ಒಂದು ಹಿತ್ತಾಳೆಯ ತಂಬಿಗೆ ಇದೆ. ಅದರ ಹೊಟ್ಟೆಗೆ ಹೆಬ್ಬೆರಳು ಕೂಡುವಷ್ಟು ತಗ್ಗು ಬಿದ್ದಿದೆ. ಬಂದ ನೆಂಟರೆಲ್ಲ ಅದನ್ನು ನೋಡಿ, ಕಂಚುಗಾರನಿಗೆ ಕೊಟ್ಟರೆ ಬಡಿದು ಸರಿಮಾಡುತ್ತಾನಲ್ಲ ಎನ್ನುತ್ತಾರೆ. ಹೌದು, ಮಾಡುತ್ತಾನೆ. ಆದರೂ ನಾನು ಕೊಟ್ಟಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ; ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ, ಅದು ಬೇಯುವಷ್ಟು ಹೊತ್ತು ಸಾಕು.

ಹೊಸಪೇಟೆಯಲ್ಲಿ ಕಾಲುವೆಯ ನೀರು ಧಾರಾಳ, ಅದರ ಬೆನ್ನಿಗೇ ಚಳಿಜ್ವರವೂ ಧಾರಾಳ. ಶಿವನು ಕಬ್ಬು ಕೊಟ್ಟ ಕೈಯಿಂದಲೇ ಸೊಳ್ಳೆಯನ್ನೂ ಕೊಟ್ಟಿದ್ದಾನೆ. ಆ ವರ್ಷ ನನ್ನ ನಾಲ್ಕು ವರ್ಷದ ಮಗಳು ನೀಲಾ ದಿನ ಬಿಟ್ಟು ದಿನ ನಡುಗಿ, ಬೆಂದು, ಕಡ್ಡಿಯಂತಾದಳು. ಕಮಲಾಪುರದ ಬಂಗಲೆಯಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ದೊರೆಯೊಬ್ಬರ ಹೆಂಡತಿ ಕ್ವಿನೈನ್ ಗುಳಿಗೆಗಳನ್ನು ಧರ್ಮಕ್ಕೆ ಕೊಡುತ್ತಾರೆಂದು ಕೇಳಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂಡಿ ಹತ್ತಿದೆ. ನನಗಿಂತ ಮುಂದೆ ಬಿಳಿಯ ಹೆಂಗಸೊಬ್ಬಳು ಬಂದಿದ್ದಳು. ಆಕೆಗೆ ಕುರ್ಚಿ ಹಾಕಿಸಿದರು. ಗುಳಿಗೆಯ ಪೊಟ್ಟಣವನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ನಾವೆಲ್ಲ ಮೆಟ್ಟಿಲ ಕೆಳಗೆ ನಿಂತಿದ್ದೆವು. ನನ್ನ ಸರದಿ ಬಂದಾಗ ದೊರೆಸಾನಿ ನನ್ನ ಕೈಗೆ ಕೈ ತಾಗದಂತೆ, ಒಂದು ಗೇಣು ಮೇಲಿನಿಂದ ಗುಳಿಗೆಗಳನ್ನು ಬಿಟ್ಟರು. ಹೆಗಲ ಮೇಲೆ ಮಗು, ಚಾಚಿದ್ದು ಒಂದೇ ಕೈ; ಎರಡು ಗುಳಿಗೆ ತಪ್ಪಿ ಮಣ್ಣಿಗೆ ಬಿದ್ದವು. ಪಕ್ಕದಲ್ಲಿದ್ದ ಜವಾನ, ನಮ್ಮ ಕಡೆಯವನೇ, "ಕೈ ಸರಿಯಾಗಿ ಹಿಡಿಯವಾ" ಎಂದ.

ಬಗ್ಗಿ ಹೆಕ್ಕಿಕೊಂಡೆ. ಮುಖ ಒಲೆಯ ಮುಂದಿಟ್ಟಂತೆ ಸುಡುತ್ತಿತ್ತು. ಆದರೆ ಆ ಮಾತು ಮಾತ್ರ ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಲೇ ಇತ್ತು. ಬಂಡಿ ಅನಂತಶಯನಗುಡಿ ದಾಟುವಾಗ ಹೊಳೆಯಿತು: ಅದು ನನ್ನದೇ ಮಾತು.

ಕಡ್ಡಿರಾಂಪುರದ ದುರುಗವ್ವ ನಮ್ಮ ಎಮ್ಮೆಗೆ ದಿನಾಲು ಹುಲ್ಲು ತರುವವಳು. ಊರು ಮುಟ್ಟಬಾರದೆಂದು ಹೊರಗಿಟ್ಟ ಕೇರಿಯವಳು. ಹೊರೆ ಇಳಿಸಿ, ಹಿತ್ತಲ ಬಾಗಿಲಾಚೆ ಕುಕ್ಕರಗಾಲಲ್ಲಿ ಕುಳಿತು ಬೊಗಸೆ ಒಡ್ಡುತ್ತಿದ್ದಳು. ನಾನು ಒಂದು ಹನಿಯೂ ತಂಬಿಗೆಗೆ ಹಿಂದಿರುಗಿ ಸಿಡಿಯದಂತೆ ಮೇಲಿನಿಂದ ನೀರು ಹೊಯ್ಯುತ್ತಿದ್ದೆ. ನೀರು ಚೆಲ್ಲಿದರೆ, "ಕೈ ಸರಿಯಾಗಿ ಹಿಡಿ ದುರುಗವ್ವ" ಎನ್ನುತ್ತಿದ್ದೆ. ಹತ್ತು ವರ್ಷ ಅಂದಿದ್ದೇನೆ. ದೊರೆಸಾನಿಯದು ಒಂದು ಗೇಣಾದರೆ ನನ್ನದು ಎರಡು ಗೇಣು.

ರಾತ್ರಿ ಊಟಕ್ಕೆ ಕೂತ ನಮ್ಮ ಯಜಮಾನರಿಗೆ ಬಂಗಲೆಯ ಸಂಗತಿ ಹೇಳಿದೆ. ಅವರು ಬೆಲ್ಲದ ವ್ಯಾಪಾರಕ್ಕೆ ಊರೂರು ತಿರುಗಿದವರು. ತಟ್ಟೆ ದೂಡಿ, "ಅವರು ಬಿಳೇ ಮಂದಿ, ನಾವು ಕರೇ ಮಂದಿ. ಚರ್ಮ ನೋಡಿ ಮನುಷ್ಯಾನ್ನ ತೂಗ್ತಾರ. ರೈಲಿನಾಗ ಅವರ ಡಬ್ಬಿ ಖಾಲಿ ಇದ್ರೂ ನಮ್ಮನ್ನ ಹತ್ತಾಕ ಬಿಡಂಗಿಲ್ಲ, ಗೊತ್ತೈತೇನು?" ಎಂದರು.

"ಹಂಗಾದ್ರ ನಮ್ಮ ದುರುಗವ್ವಂದು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ದೂಡಿದ ತಟ್ಟೆಯನ್ನು ಮತ್ತೆ ಎಳೆದುಕೊಂಡು, "ಸಾರು ಹಾಕು" ಎಂದರು.

ಬೆಳಿಗ್ಗೆ ಮಿಂದು ಲಿಂಗಪೂಜೆಗೆ ಕೂತೆ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು ವಿಭೂತಿ ಹಚ್ಚುವುದು ನನಗೆ ಉಸಿರಾಡಿದಷ್ಟು ರೂಢಿ. ಅಂದು ಮಾತ್ರ ಅಂಗೈಯನ್ನೇ ನೋಡಿದೆ. ಸಗಣಿ, ಬೂದಿ, ಮಗುವಿನ ವಾಂತಿ, ಬಂಗಲೆಯ ಮುಂದಿನ ಮಣ್ಣು ಎಲ್ಲವನ್ನೂ ಮುಟ್ಟಿದ ಕೈ ಅದು. ದೇವರು ಅದರ ಮೇಲೆ ಬಂದು ಕೂಡುವಾಗ ನಡುವೆ ಗೇಣಿನ ಮಾತಿರಲಿ, ಕೂದಲೆಳೆಯ ಸಂದೂ ಬಿಟ್ಟಿರಲಿಲ್ಲ.

ದುರುಗವ್ವ ಬಂದಳು, ಬೊಗಸೆ ಒಡ್ಡಿದಳು. ನಾನು ತಂಬಿಗೆಯನ್ನೇ ಅವಳ ಕೈಗೆ ಕೊಡಹೋದೆ. "ಬ್ಯಾಡ್ರಿ ಅಮ್ಮಾರ, ಬ್ಯಾಡ್ರಿ" ಎಂದು ಹಿಂದೆ ಸರಿದಳು. ಎರಡು ಕೈಗಳ ನಡುವೆ ತಂಬಿಗೆ ಜಾರಿ ಕಲ್ಲಿಗೆ ಬಿತ್ತು. ಸದ್ದು ಕೇಳಿ ಅತ್ತೆ ಬಂದರು. "ಏನ ಬಸಮ್ಮ, ಜ್ವರ ಬಂದದ್ದು ಕೂಸಿಗೆ, ತಲಿಗೆ ಏರಿದ್ದು ನಿನಗೇನವಾ?" ಎಂದರು. ದುರುಗವ್ವ ಆಗಲೇ ಹೋಗಿಬಿಟ್ಟಿದ್ದಳು.

ನಾಲ್ಕು ದಿನ ಬರಲಿಲ್ಲ. ಎಮ್ಮೆ ಒಣಮೇವು ಮೂಸಿ ನನ್ನ ಮುಖ ನೋಡುತ್ತಿತ್ತು. ಒಳ್ಳೆಯದು ಮಾಡುತ್ತೇನೆಂದು ಹೊರಟು ಅವಳ ಅನ್ನವನ್ನೇ ಕಳೆದೆನಲ್ಲ ಎಂಬ ಚಿಂತೆ ಹತ್ತಿತು. ಅವಳನ್ನು ಒಂದು ಮಾತು ಕೇಳಿರಲಿಲ್ಲ ನಾನು. ಕೊಡುವುದೂ ನನ್ನಿಷ್ಟ, ಕೊಡದಿರುವುದೂ ನನ್ನಿಷ್ಟ ಎಂಬಂತೆ ನಡೆದುಕೊಂಡಿದ್ದೆ.

ಸೋಮವಾರ ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೊರಟವಳು ಕಡ್ಡಿರಾಂಪುರದಲ್ಲಿ ಬಂಡಿ ನಿಲ್ಲಿಸಿ, ಅವರ ಕೇರಿಗೆ ನಡೆದುಹೋದೆ. ದುರುಗವ್ವ ಗಾಬರಿಯಾಗಿ ಎದ್ದಳು. "ತಂಬಿಗಿ ಹಾಳು ಮಾಡಿದ್ನೆಲ್ಲ, ಅದಕ್ಕ ಅಂಜಿ ಬರ್ಲಿಲ್ರಿ. ನಮ್ಮ ಹಿರೇರೂ ಬೈದ್ರು, ದೊಡ್ಡೋರ ಮನಿ ಜಗಳ ನಮಗ್ಯಾಕ ಅಂತ."

"ತಂಬಿಗಿ ಕೆಡವಿದಾಕಿ ನಾನು. ನಿನ್ನ ಕೇಳದ ಕೊಡಾಕ ಬಂದದ್ದು ತಪ್ಪಾತು. ನೀರಡಿಕಿ ಆಗೈತಿ, ಒಂದೀಟು ನೀರು ಕೊಡ್ತಿಯೇನು?"

"ನಮ್ಮನಿ ನೀರೇನ್ರಿ?"

"ಬಾವಿ ಹುಡುಕ್ಕೊಂಡು ಬಂದಿಲ್ಲ, ನಿನ್ನ ಹುಡುಕ್ಕೊಂಡು ಬಂದೀನಿ."

ಚೆಂಬು ತಂದಳು. ನಾನು ಕುಳಿತು ಬೊಗಸೆ ಒಡ್ಡಿದೆ. ನನ್ನನ್ನು ಮೈಲಿಗೆಯಿಂದ ಕಾಪಾಡುವುದಕ್ಕೆಂದು ಅವಳು ನಾನು ಹೊಯ್ಯುತ್ತಿದ್ದುದಕ್ಕಿಂತಲೂ ಮೇಲಿನಿಂದ ಹೊಯ್ದಳು. ನೀರು ಮೊಳಕೈವರೆಗೆ ಹರಿದು ಕುಪ್ಪಸ ತೊಯ್ಯಿತು, ಗಂಟಲಿಗೆ ಇಳಿದದ್ದು ಅರ್ಧ ಗುಟುಕು. ಹತ್ತು ವರ್ಷ ನಾನು ಹೊಯ್ದದ್ದರಲ್ಲಿ ಅವಳು ಕುಡಿದದ್ದು ಎಷ್ಟು ಎಂಬುದು ಆಗ ತಿಳಿಯಿತು. ಬೊಗಸೆಯನ್ನು ಮೆಲ್ಲಗೆ ಮೇಲೆತ್ತುತ್ತಾ ಹೋಗಿ ಚೆಂಬಿನ ಕಂಠಕ್ಕೆ ತಾಗಿಸಿದೆ. ಅವಳು ಚೆಂಬನ್ನು ಸರಕ್ಕನೆ ಹಿಂದೆಳೆಯಹೋದಾಗ ನೀರು ನನ್ನ ಮುಖಕ್ಕೇ ಸಿಡಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ಕೈ ಸರಿಯಾಗಿ ಹಿಡೀರಿ ಅಮ್ಮಾರ" ಎಂದಳು. ಇಬ್ಬರೂ ನಕ್ಕೆವು.

ಮರುದಿನ ಹುಲ್ಲಿನ ಹೊರೆ ಬಂತು. ಅತ್ತೆ ಇನ್ನು ಆ ತಂಬಿಗೆ ಮುಟ್ಟುವುದಿಲ್ಲವೆಂದು ಹಟ ಹಿಡಿದು ತಮಗೊಂದು ಬೇರೆ ತರಿಸಿಕೊಂಡರು. ಹೀಗಾಗಿ ಈಗ ನಮ್ಮ ಮನೆಯಲ್ಲಿ ಬೇರೆ ತಂಬಿಗೆ ಇರುವುದು ಅತ್ತೆಯವರೊಬ್ಬರಿಗೇ. ಯಜಮಾನರು ಹಳೆಯದರಲ್ಲೇ ಕುಡಿಯುತ್ತಾರೆ. ಅದೂ ಶಿವನ ದಯೆಯೇ. ದೊರೆಸಾನಿಯ ಗುಳಿಗೆಯಿಂದ ನೀಲಾಳ ಜ್ವರ ಬಿಟ್ಟಿತು, ಅದನ್ನೂ ಮರೆಯಲಾರೆ. ಊರೇನೂ ಬದಲಾಗಿಲ್ಲ, ರೈಲಿನ ಆ ಡಬ್ಬಿ ಇನ್ನೂ ಖಾಲಿ ಓಡುತ್ತದಂತೆ.

ದುರುಗವ್ವ ಈಗ ತಾನೇ ತಂಬಿಗೆ ತೆಗೆದುಕೊಂಡು, ನಾವೆಲ್ಲ ಕುಡಿಯುವ ಹಾಗೆ, ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾಳೆ. ಗೇಣು ಇದ್ದೇ ಇದೆ. ಎಷ್ಟು ಎತ್ತಬೇಕೆಂಬುದು ಮಾತ್ರ ಈಗ ಅವಳ ಕೈಯಲ್ಲಿದೆ. ಬೇಳೆ ಬೆಂದ ವಾಸನೆ ಬರುತ್ತಿದೆ, ಏಳುತ್ತೇನೆ. ತಂಬಿಗೆಯನ್ನು ಕಂಚುಗಾರನಿಗೆ ಯಾಕೆ ಕೊಟ್ಟಿಲ್ಲವೆಂದರೆ, ಅವಳು ಹಿಡಿದಾಗ ಆ ತಗ್ಗಿನಲ್ಲಿ ಅವಳ ಹೆಬ್ಬೆರಳು ಸರಿಯಾಗಿ ಕೂಡುತ್ತದೆ.