ಗಿರಿಜಕ್ಕ ಮರೆಯುವವರಲ್ಲ

ಮೂಡಲಪಾಳ್ಯದ ನಮ್ಮ ರಸ್ತೆಯಲ್ಲಿ ಗಿರಿಜಕ್ಕ ಒಂದೇ ಒಂದು ಜಾಗದಲ್ಲಿ ಹಾರ್ನ್ ಒತ್ತುತ್ತಿದ್ದರು. ಅಡ್ಡ ಬಂದ ಹಸುವಿಗೂ ಒತ್ತುತ್ತಿರಲಿಲ್ಲ, ಮೈಮೇಲೇ ಬಂದ ಆಟೋಗೂ ಒತ್ತುತ್ತಿರಲಿಲ್ಲ. ಮಾದೇಶನ ಗ್ಯಾರೇಜು ಬಂದರೆ ಮಾತ್ರ ಅಂಗೈ ಊರಿ, ಅದನ್ನು ದಾಟುವವರೆಗೂ ತೆಗೆಯುತ್ತಿರಲಿಲ್ಲ. ವ್ಯಾನಿನೊಳಗಿನ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಿದ್ದವು. ಗಿರಿಜಕ್ಕ ನಗುತ್ತಿರಲಿಲ್ಲ.

ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಗಂಡ ತೀರಿಕೊಂಡ ಮೇಲೆ ಅವನು ಓಡಿಸುತ್ತಿದ್ದ ಸ್ಕೂಲ್ ವ್ಯಾನನ್ನು ಗಿರಿಜಕ್ಕ ತಾವೇ ಓಡಿಸತೊಡಗಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಬೂಟು ಹಾಕಿಕೊಂಡು ಸ್ಟಿಯರಿಂಗ್ ಹಿಡಿಯುತ್ತಿದ್ದರು. ಆ ದಿನಗಳಲ್ಲೇ ಮಾದೇಶ ಶಾಲೆಯ ಗೇಟಿನ ಹತ್ತಿರ ನಿಂತು ತಾಯಂದಿರಿಗೆ ಹೇಳಿದ: "ಆ ಗಾಡಿ ನಾನೇ ನೋಡಿದೀನಿ. ಬ್ರೇಕ್ ಸರಿ ಇಲ್ಲ. ಮಕ್ಕಳು ನಿಮ್ದು, ಯೋಚ್ನೆ ಮಾಡಿ." ಹಿಂದಿನ ವಾರ ಆ ಬ್ರೇಕನ್ನು ಹೊಸದಾಗಿ ಹಾಕಿದ್ದವನು ಅವನೇ. ಅವನ ಭಾವಮೈದುನ ಆಗಷ್ಟೇ ಒಂದು ವ್ಯಾನು ತಂದಿದ್ದ. ಅರ್ಧಕ್ಕರ್ಧ ಮಕ್ಕಳು ಅತ್ತ ಹೋದವು.

"ಹೋಗ್ಲಿ ಬಿಡಿ ಅಕ್ಕ" ಎಂದೆ ಒಮ್ಮೆ.

"ಕ್ಷಮಿಸೋಕೆ ದೇವರಿದಾನೆ ಕಣೇ. ನೆನಪಿಟ್ಕೊಳ್ಳೋಕೆ ನಾನಿದೀನಿ" ಎಂದರು.

ಒಂದು ದಸರಾ ರಜೆಯಲ್ಲಿ ಇಂಜಿನ್ನಿನ ಟೈಮಿಂಗ್ ಬೆಲ್ಟು ಸೀಳಿಕೊಂಡಿರುವುದು ಕಂಡಿತು. ಬೇರೆ ಗ್ಯಾರೇಜಿಗೆ ಒಯ್ಯೋಣವೆಂದರೆ ಒಪ್ಪಲಿಲ್ಲ. "ಕುರುಬರಹಳ್ಳಿಗೆ ಹೋದ್ರೂ ಅವನ ಕಿವಿಗೆ ಬೀಳುತ್ತೆ. ಇವರೆಲ್ಲ ಒಂದೇ ಟೀ ಅಂಗಡಿಲಿ ಕೂರೋರು." ಬೆಲ್ಟು ತಾವೇ ಹಾಕುವುದೆಂದರು. ಗಂಡ ಮಾಡುವುದನ್ನು ನೋಡಿದ್ದರು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡರು. ಶಾಲೆ ತೆರೆಯುವ ಬೆಳಿಗ್ಗೆ ವ್ಯಾನು ಹೊರಡದಿದ್ದರೆ ಉಳಿದ ಮಕ್ಕಳೂ ಭಾವಮೈದುನನ ಪಾಲು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೆಲಸಕ್ಕೆ ಕೈ ಹಾಕಿದ್ದು ಆಯುಧಪೂಜೆಯ ದಿನ. ಒಳಗೆ ಅವರ ಅತ್ತೆ ಬಸಮ್ಮ ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರಗಳನ್ನೆಲ್ಲ ತೊಳೆದು ಒರೆಸುತ್ತಿದ್ದರು. ಹೊರಗೆ ನಾವು ವ್ಯಾನಿನ ಮುಂದಿನ ಸೀಟು ಎತ್ತಿ ಇಂಜಿನ್ ಬಿಚ್ಚಿದೆವು. ನಾನು ಮೊಬೈಲ್ ಬೆಳಕು ಹಿಡಿದಿದ್ದೆ. ಹಲ್ಲುಗಳಿರುವ ಎರಡು ಚಕ್ರ, ಎರಡನ್ನೂ ಕೂಡಿಸಿ ತಿರುಗಿಸುವ ಒಂದು ಬೆಲ್ಟು. ಒಂದು ಹಲ್ಲು ಆಚೀಚೆಯಾದರೂ ಇಂಜಿನ್ ಉಸಿರೆಳೆದು ಬಿಡುವ ಹೊತ್ತು ತಪ್ಪುತ್ತದೆ. ಆದ್ದರಿಂದ ಗಿರಿಜಕ್ಕ ಅತ್ತೆಯ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತಂದು, ಮೇಲಿನ ಚಕ್ರದ ಒಂದು ಹಲ್ಲಿಗೂ ಅದರೆದುರಿನ ಲೋಹಕ್ಕೂ ಕಡ್ಡಿಯಿಂದ ಗುರುತು ಎಳೆದರು. ಕೆಳಗಿನ ಚಕ್ರಕ್ಕೂ ಹಾಗೆಯೇ. ಹಳೆಯ ಬೆಲ್ಟು ತೆಗೆದಿಟ್ಟು ಊಟಕ್ಕೆ ಎದ್ದೆವು. ಬಂದ ಮೇಲೆ ಬಿಳಿಗೆ ಬಿಳಿ ಎದುರಾಗಿಸಿ ಹೊಸ ಬೆಲ್ಟು ಕೂರಿಸಿದರು.

ಸ್ಟಾರ್ಟ್ ಮಾಡಿದರೆ ವ್ಯಾನು ಅಡಿಯಿಂದ ಮುಡಿಯವರೆಗೆ ನಡುಗಿತು. ಸೈಲೆನ್ಸರಿನಲ್ಲಿ ಪಟಾರೆಂದಿತು. ಸಣ್ಣ ಏರನ್ನೂ ಹತ್ತಲಿಲ್ಲ. ಮಾದೇಶ ಗ್ಯಾರೇಜಿನಿಂದ ಹೊರಗೆ ಬಂದು, ಹೂವಿನ ಹಾರ ಹಾಕಿದ ಗಾಡಿಗಳ ನಡುವೆ ನಿಂತು ಕೂಗಿದ: "ಏನಕ್ಕ, ಗಾಡಿಗೆ ಕೆಮ್ಮು? ಕಷಾಯ ಕುಡಿಸಿ!" ಅಲ್ಲಿದ್ದ ಗಂಡಸರೆಲ್ಲ ನಕ್ಕರು.

ಗಿರಿಜಕ್ಕ ವ್ಯಾನನ್ನು ಮನೆ ಮುಂದಕ್ಕೆ ತಂದು ನಿಲ್ಲಿಸಿದರು. ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದರು. ವೈರುಗಳ ಸರದಿ ನೋಡಿದರು. ಪೆಟ್ರೋಲ್ ಪೈಪು ನೋಡಿದರು. ಎಲ್ಲವೂ ಸರಿಯಿತ್ತು, ನಡುಕ ಮಾತ್ರ ನಿಲ್ಲಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: "ನಾವು ಊಟಕ್ಕೆ ಹೋದಾಗ ಅವನು ಕೈ ಹಾಕಿದಾನೆ." ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಗ್ಯಾರೇಜಿನ ಕಡೆ ನಡೆದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೆ. ರಟ್ಟೆ ಹಿಡಿದುಕೊಂಡೆ. ನನ್ನನ್ನೂ ಎಳೆದುಕೊಂಡೇ ನಡೆದರು.

"ಯಾರೂ ಬಂದಿಲ್ಲ ಕಣೇ ಗಿರಿಜಾ!" ಬಸಮ್ಮ ಗೇಟಿನಿಂದ ಕೂಗಿದರು. "ನಾನೇ ಬಂದಿದ್ದು. ಹಬ್ಬದ ದಿನ ಚಕ್ರ ಬೋಳಾಗಿತ್ತು. ಒಂದು ಬೆರಳು ವಿಭೂತಿ ಇಟ್ಟೆ."

ಮತ್ತೆ ಬಿಚ್ಚಿ ನೋಡಿದೆವು. ಮೇಲಿನ ಚಕ್ರದಲ್ಲಿ ಎರಡು ಬಿಳಿ ಗುರುತುಗಳಿದ್ದವು, ಒಂದು ಢಾಳಾಗಿ, ಇನ್ನೊಂದು ಎಣ್ಣೆಜಿಡ್ಡಿನಡಿಯಲ್ಲಿ ಮಂಕಾಗಿ. ಗಿರಿಜಕ್ಕ ಬಟ್ಟೆಯಿಂದ ಎರಡನ್ನೂ ಉಜ್ಜಿದರು. ಢಾಳಾದದ್ದು ಅಳಿಸಿಹೋಯಿತು. ಸುಣ್ಣ ಕಚ್ಚಿಕೊಂಡು ಉಳಿಯಿತು. ನಡುವೆ ಇದ್ದದ್ದು ಒಂದೇ ಹಲ್ಲಿನ ಅಂತರ; ವಿಭೂತಿಯನ್ನೇ ಗುರುತೆಂದುಕೊಂಡು ಬೆಲ್ಟು ಕೂರಿಸಿದ್ದೆವು.

ಬೆಲ್ಟು ಸರಿಯಾಗಿ ಕೂತ ಮೇಲೆ ಇಂಜಿನ್ ಒಂದೇ ಸಮನೆ ಓಡಿತು. "ಅತ್ತೆಗೇನು ಗೊತ್ತು ಪಾಪ" ಎಂದರು ಗಿರಿಜಕ್ಕ ಕೈ ಒರೆಸಿಕೊಳ್ಳುತ್ತ. "ಇದನ್ನೂ ಮಾದೇಶನ ಲೆಕ್ಕಕ್ಕೇ ಹಾಕ್ತೀನಿ." ತಮಾಷೆಯೆಂದುಕೊಂಡು ನಕ್ಕೆ.

ಶಾಲೆ ತೆರೆದ ದಿನ ಮಕ್ಕಳನ್ನು ಬಿಟ್ಟು ಬಂದು, ವ್ಯಾನನ್ನು ಗ್ಯಾರೇಜಿನ ಬಾಗಿಲಿಗೇ ಅಡ್ಡ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. ಶಾಲೆಯ ಗೇಟಿನಿಂದ ಮರಳುತ್ತಿದ್ದ ತಾಯಂದಿರೂ ನಿಂತರು, ನಾನೂ ನಿಂತೆ.

"ಬಾರೋ ಮಾದೇಶ. ಕಿವಿ ಇಡು. ಕೆಮ್ಮು ಇದೆಯಾ?"

"ಇಲ್ಲ ಅಕ್ಕ."

"ಅವರಿಗೆ ಕೇಳಿಸ್ಲಿ."

"ಗಾಡಿ ಚೆನ್ನಾಗಿದೆ."

"ಬ್ರೇಕು?"

ಅವನು ನೆಲ ನೋಡಿದ. ಗಿರಿಜಕ್ಕ ಕಾದರು.

"ಆಗ್ಲೂ ಚೆನ್ನಾಗೇ ಇತ್ತು" ಎಂದ.

ಹೋದ ಮಕ್ಕಳಲ್ಲಿ ಬಹುಪಾಲು ಮರಳಿ ಬಂದವು. ಇನ್ನು ಮುಗಿಯಿತು ಎಂದುಕೊಂಡೆ.

ಕೆಲವು ವರ್ಷಗಳಾದ ಮೇಲೆ ಸಕ್ಕರೆ ಕಾಯಿಲೆ ಗಿರಿಜಕ್ಕನ ಕಣ್ಣು ತೆಗೆಯಿತು. ನಾನಾಗ ಬ್ಯಾಡರಹಳ್ಳಿಗೆ ಮನೆ ಬದಲಿಸಿದ್ದೆ. ನೋಡಲು ಹೋದ ದಿನ ಮಾದೇಶನೂ ಬಂದ. ತಲೆ ನರೆತಿತ್ತು. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬಂದಿದ್ದ.

"ಅಕ್ಕ, ಗಾಡಿ ಸುಮ್ನೆ ನಿಂತಿದೆಯಂತೆ. ನಂಗೆ ಕೊಡಿ. ನೀವೇ ಬೆಲ್ಟು ಕೂರಿಸಿದ ಇಂಜಿನ್ನು, ಇನ್ನೊಬ್ಬರ ಕೈಗೆ ಹೋಗೋದು ಬೇಡ. ನಾನು ಮಾಡಿದ್ದು ತಪ್ಪು. ಇದೊಂದನ್ನಾದ್ರೂ ನೋಡ್ಕೋತೀನಿ."

"ಕೂತ್ಕೋ. ಕಾಫಿ ಕುಡಿ" ಎಂದರು ಗಿರಿಜಕ್ಕ, ಬಹಳ ಮೆತ್ತಗೆ. ನಾನು ಕಾಫಿ ತಂದುಕೊಟ್ಟೆ. ಅವನು ಲೋಟ ಬಾಯಿಗೆತ್ತುವವರೆಗೆ ಅವರು ಕಿವಿಗೊಟ್ಟು ಕಾದರು.

"ನಿನ್ನೆ ಗುಜರಿಗೆ ಹಾಕ್ಬಿಟ್ಟೆ ಕಣೋ. ನೀನು ಕೇಳ್ಕೊಂಡು ಬರ್ತೀಯ ಅಂತ ಗೊತ್ತಿತ್ತು. ಇಂಜಿನ್ನು ನನ್ನೆದುರಿಗೇ ಒಡೆಸ್ದೆ. ಸದ್ದು ಕೇಳ್ಕೊಂಡು ಕೂತಿದ್ದೆ."

ಅವನು ಎದ್ದು ಹೋದ. ಅದೇ ನನ್ನ ಮತ್ತು ಗಿರಿಜಕ್ಕನ ಕೊನೆಯ ಭೇಟಿ. ಮುಂದಿನ ಸಲ ಹೋದಾಗ ಗೋಡೆಯ ಮೇಲೆ ಅವರ ಫೋಟೋ ಇತ್ತು.

ಆ ದಿನ ಗೇಟಿನ ಸದ್ದಾದ ಮೇಲೆ ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. "ನೀನು ನೋಡಿದ್ಯಲ್ಲ? ಅವನ ಮುಖ ಹೇಗಾಯ್ತು?"

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವನ ತುಟಿ ಅದುರಿತು. ಲೋಟವನ್ನು ಕುಡಿಯದೆ ಕೆಳಗಿಟ್ಟ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಗಿರಿಜಕ್ಕ ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದರು.

"ಇನ್ನೊಂದ್ಸಲ ಹೇಳು" ಎಂದರು.

ಹೇಳಿದೆ.